ಮೆತ್ತಗಿನ ಪೆಡಲ್

ಬೆಳಗ್ಗೆ ಒಂಬತ್ತೂಕಾಲಿಗೆ ಕಂಪಲಾಪುರದ ಬಸ್ ತಂಗುದಾಣಕ್ಕೆ ಬಿಳಿ ಕಾರೊಂದು ನುಗ್ಗಿತು. ಕಲ್ಲುಬೆಂಚಿನ ಮೇಲೆ ಕೂತಿದ್ದ ಮುದುಕಿ ಚಿಕ್ಕಸಿದ್ದಮ್ಮನ ತೊಡೆಮೂಳೆ ಮುರಿಯಿತು. ರಸ್ತೆಯ ಮೇಲೆ ಟೈರು ಉಜ್ಜಿದ ಒಂದು ಗೆರೆಯೂ ಇರಲಿಲ್ಲ.

ಕಾರಿನಿಂದ ಇಳಿದ ಅದೇ ಊರಿನ ಅಂಗಡಿಯವ ಗೌರೀಶ್ ಮೊದಲು ಕೂಗಿದ್ದು ಇಷ್ಟೇ— "ಬ್ರೇಕ್ ಹಿಡೀಲಿಲ್ಲ! ಕಾಂತರಾಜು ಹಾಕಿದ ಬ್ರೇಕು ಹಿಡೀಲೇ ಇಲ್ಲ!"

ಊರಿಗೆ ಅಷ್ಟು ಸಾಕಾಯಿತು. ಕಾಂತರಾಜು ಅದೇ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದ ಮೆಕ್ಯಾನಿಕ್. ಪೊಲೀಸರು ಅವನ ಮೇಲೂ ಕೇಸು ಬರೆದರು. ಮರುದಿನದಿಂದ ಅವನ ಬಾಗಿಲಿಗೆ ಒಂದು ಸೈಕಲ್ ಕೂಡ ಬರಲಿಲ್ಲ.

ಹನ್ನೊಂದನೆಯ ದಿನ ವಿಮಾ ಸರ್ವೇಯರ್ ಭಾವನಾ ಬಂದಳು. ಕೃಷ್ಣರಾಜನಗರದವಳು. ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ ವರದಿ ಕೊಡುವುದು ಅವಳ ಕೆಲಸ. ತಿಂಗಳಲ್ಲಿ ಇಪ್ಪತ್ತು ದಿನ ಯಾವುದೋ ಊರಿನ ಲಾಡ್ಜು, ಒಬ್ಬಳೇ ಊಟ. ಅವಳು ಒಳಗೆ ಕಾಲಿಟ್ಟಾಗ ಗ್ಯಾರೇಜು ಖಾಲಿಯಿತ್ತು. ಕಾಂತರಾಜು ತೊಳೆದ ನೆಲವನ್ನೇ ಮತ್ತೆ ತೊಳೆಯುತ್ತಿದ್ದ.

"ಆ ಕಾರಿಗೆ ಏನು ಕೆಲಸ ಮಾಡಿದ್ರಿ?"

"ಮುಂದ್ಗಡೆ ಬ್ರೇಕು ಸಣ್ಣವು ಇದ್ವು. ದೊಡ್ಡ ಡಿಸ್ಕು, ದೊಡ್ಡ ಕ್ಯಾಲಿಪರು ಹಾಕ್ದೆ. ಗಾಡಿ ಕೊಡೋವಾಗ ಪೆಡಲ್ ಕಲ್ಲಿದ್ದಂಗೆ ಗಟ್ಟಿಯಿತ್ತು ಮೇಡಂ."

ಕ್ಯಾಲಿಪರ್ ಎಂದರೆ ತಿರುಗುವ ಡಿಸ್ಕನ್ನು ಎರಡು ಕಡೆಯಿಂದ ಅಮುಕಿ ನಿಲ್ಲಿಸುವ ಕಬ್ಬಿಣದ ಹಿಡಿ. ಚಕ್ರದ ಹಿಂದೆ ಇರುತ್ತದೆ.

"ಮೊದಲ ದಿನದಿಂದಲೇ ಪೆಡಲ್ ಮೆತ್ತಗಿತ್ತು ಅಂತ ಗೌರೀಶ್ ಹೇಳಿಕೆ ಕೊಟ್ಟಿದ್ದಾರೆ."

ಕಾಂತರಾಜು ಪೊರಕೆ ಕೆಳಗಿಟ್ಟ. "ಅಂಗಂದ್ನಾ?"

"ಅವರು ನಿಮಗೆ ಹೇಗೆ ಪರಿಚಯ?"

"ಒಂದ್ನೇ ಕ್ಲಾಸಿಂದ. ಅಂಗಡಿ ಮುಚ್ಚಿ ದಿನಾ ಸಂಜೆ ಇಲ್ಲೇ ಬಂದು ಕೂರೋನು. ಬ್ರೇಕಿನ ಪೈಪಲ್ಲಿರೋ ಗಾಳಿ ತೆಗೀಬೇಕಾದ್ರೆ ಇಬ್ರು ಬೇಕು ಮೇಡಂ. ಒಬ್ಬ ಒಳಗೆ ಕೂತು ಪೆಡಲ್ ಒತ್ಬೇಕು, ಇನ್ನೊಬ್ಬ ಚಕ್ರದತ್ರ ನಿಪ್ಪಲ್ ತಿರುವಿ ಗಾಳಿ ಬುಡ್ಬೇಕು. ನಾನು ಒಂಟಿ ಆಳು. ಇಪ್ಪತ್ತು ವರ್ಸದಿಂದ ಒತ್ತೋನು ಅವ್ನೇ."

"ಅಪಘಾತ ಆದ್ಮೇಲೆ ಬಂದಿದ್ದರಾ?"

"ಇಲ್ಲ."

"ತಪ್ಪು ನಿಮ್ಮದೇ ಇರಬಹುದಾ?"

ಕಾಂತರಾಜು ಹೇಳಿದ— "ಮೊದ್ಲು ಇಲ್ಲ ಅಂತಿದ್ದೆ. ಈಗ ನಂಗೇ ಅನುಮಾನ ಬಂದ್ಬುಟ್ಟದೆ. ಯಾರ್ ಜೊತೇಲಿ ಮಾತಾಡಿ ತೀರ್ಸ್ಕೊಳ್ಳಾನ? ಒಂದ್ಸಲ ಗಾಡಿ ನೋಡ್ತೀನಿ ಅಂದ್ರೂ ಠಾಣೇಲಿ ಅತ್ರಕ್ಕೆ ಬುಡಲ್ಲ."

ಪಿರಿಯಾಪಟ್ಟಣದ ಠಾಣೆಯ ಅಂಗಳದಲ್ಲಿ ಕಾರು ನಿಂತಿತ್ತು. ಸಬ್ ಇನ್ಸ್‌ಪೆಕ್ಟರ್ ವೀರಭದ್ರಸ್ವಾಮಿ ತಪಾಸಣೆಯ ವರದಿ ಓದಿದರು. ಎಲ್ಲೂ ಸೋರಿಕೆ ಇಲ್ಲ. ಬ್ರೇಕ್ ಆಯಿಲ್ ಭರ್ತಿ. ಪ್ಯಾಡುಗಳು ಹೊಸವು. ಪೈಪುಗಳು ಸರಿ.

"ಎಲ್ಲಾ ಸರಿಯಿದ್ದೂ ಹಿಡಿಯಲ್ಲ ಅಂದ್ರೆ ಮೆಕ್ಯಾನಿಕ್ ಕೆಲಸವೇ ಸರಿಯಿಲ್ಲ. ಇನ್ನೇನು?"

ಭಾವನಾ ಕಾರೊಳಗೆ ಕೂತು ಪೆಡಲ್ ಒತ್ತಿದಳು. ನೆನೆದ ಹತ್ತಿಯ ಮೂಟೆಯೊಳಗೆ ಕಾಲಿಟ್ಟಂತೆ ಅದು ತಳದವರೆಗೂ ಹೋಯಿತು. ಇನ್ನೊಂದು ಸಲ ಒತ್ತಿದಳು, ಮತ್ತೊಂದು ಸಲ— ಗಟ್ಟಿಯಾಯಿತು. ಒಂದು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಮೆತ್ತಗೆ.

"ಪೈಪೊಳಗೆ ಗಾಳಿ ಇದೆ. ಒತ್ತಿದ್ರೆ ಗಾಳಿಯೇ ಅಮುಕಿಹೋಗುತ್ತೆ, ಬ್ರೇಕಿಗೆ ಬಲ ಸಿಗಲ್ಲ," ಎಂದಳು.

"ಗಾಳಿ ತೆಗೀಬೇಕಾದವನು ಕಾಂತರಾಜು ತಾನೇ?"

ಅವಳು ಇಳಿದು ಮುಂದಿನ ಚಕ್ರದ ಹತ್ತಿರ ಹೋದಳು. ಹೊಳೆಯುವ ಹೊಸ ಚಕ್ರದ ಕಡ್ಡಿಗಳ ನಡುವೆ ಕೆಂಪು ಬಣ್ಣ ಕಾಣುತ್ತಿತ್ತು. ಎರಡೂ ಮುಂದಿನ ಚಕ್ರ ಬಿಚ್ಚಿಸಿ, ಕ್ಯಾಲಿಪರಿನ ಬೋಲ್ಟೊಂದನ್ನೂ ತೆಗೆಸಿ, ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಕಾಂತರಾಜುಗೆ ಫೋನ್ ಮಾಡಿದಳು.

"ಕ್ಯಾಲಿಪರ್‌ಗೆ ಬಣ್ಣ ಹೊಡೆದಿದ್ರಾ?"

"ಬಣ್ಣವಾ? ಇಲ್ವಲ್ಲ. ಬರೀ ಕಬ್ಬಿಣ, ಇದ್ದಂಗೇ ಹಾಕ್ದೆ."

ಹೊಸ ಚಕ್ರ ಹಾಕಿದವನು ಹುಣಸೂರಿನ ಟೈರ್ ಅಂಗಡಿಯ ಶಶಿಕುಮಾರ್. ಕಾಂತರಾಜು ಕಾರು ಒಪ್ಪಿಸಿದ ಹತ್ತನೆಯ ದಿನ ಕಾರು ಅವನಲ್ಲಿಗೆ ಹೋಗಿತ್ತು. ಭಾವನಾಳ ಪ್ರಶ್ನೆಗೆ ಅವನು ಸಿಡಿದ.

"ನಾನು ಬಿಚ್ಚಿದ್ದು ಚಕ್ರ ಮಾತ್ರ ಕಣ್ರೀ! ಬ್ರೇಕ್ ಮುಟ್ಟಿಲ್ಲ."

"ಕೆಂಪು ಬಣ್ಣ?"

"ಬಿಚ್ಚಿದಾಗ್ಲೇ ಕೆಂಪಗಿತ್ತು. ಯಾರು ಹೊಡೆದಿದ್ದು ಅಂತ ಕೇಳ್ದೆ. ಕಾಂತರಾಜು ಅಂದ್ರು ಗೌರೀಶಣ್ಣ."

ಮೂವರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದ. ಯಾರು?

ಭಾವನಾ ಬಸ್ಸು ಹತ್ತಿ ಕಂಪಲಾಪುರಕ್ಕೆ ಬಂದಳು. ಗೌರೀಶನ ಮನೆಯಲ್ಲಿ ಅವನ ಹೆಂಡತಿ ಅನುಶ್ರೀ ಒಬ್ಬಳೇ ಇದ್ದಳು. ಭಾವನಾ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. ಅನುಶ್ರೀ ನೆಲ ನೋಡುತ್ತಾ ಉತ್ತರ ಕೊಟ್ಟಳು.

ಮರುದಿನ ಠಾಣೆಯ ಅಂಗಳದಲ್ಲಿ ಕಾರಿನ ಸುತ್ತ ನಾಲ್ವರು ನಿಂತಿದ್ದರು— ಸಬ್ ಇನ್ಸ್‌ಪೆಕ್ಟರ್, ಭಾವನಾ, ಕಾಂತರಾಜು, ಗೌರೀಶ್. ಗೆಳೆಯರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಕಾಂತರಾಜು, ಗಾಳಿ ಬಿಡೋ ನಿಪ್ಪಲ್ ಕ್ಯಾಲಿಪರ್‌ನಲ್ಲಿ ಎಲ್ಲಿರಬೇಕು?"

"ಮೇಲ್ಗಡೆ. ಗಾಳಿ ಮೇಲಕ್ಕೆ ತಾನೇ ಏರೋದು?"

"ಬಗ್ಗಿ ನೋಡಿ."

ಅವನು ಮೊಣಕಾಲೂರಿ ಬಗ್ಗಿದ. ಆ ಬದಿಗೆ ಓಡಿದ. ತಿರುಗಿ ಬಂದ. "ಕೆಳ್ಗದೆ! ಎರಡ್ರಲ್ಲೂ ಕೆಳ್ಗದೆ! ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ ಹಾಕವ್ರೆ ಸಾ! ಇದು ನನ್ ಕೈಕೆಲ್ಸ ಅಲ್ಲ!"

"ಅಲ್ಲ," ಎಂದಳು ಭಾವನಾ. "ಬೋಲ್ಟ್ ಬಿಚ್ಚಿ ನೋಡಿದೆ. ಬೋಲ್ಟಿನ ತಲೆ ಕೂರೋ ಜಾಗದಲ್ಲೂ ಕೆಂಪು ಬಣ್ಣ ಇದೆ. ಅಂದ್ರೆ ಕ್ಯಾಲಿಪರ್ ಕಳಚಿ ಬಣ್ಣ ಹೊಡೆದಿದ್ದಾರೆ. ಎಡ, ಬಲ ಅಂತ ತೋರಿಸೋ ಅಕ್ಷರ ಬಣ್ಣದಡಿ ಮುಚ್ಚಿಹೋಗಿದೆ. ವಾಪಸ್ ಹಾಕುವಾಗ ಅದಲುಬದಲಾಗಿದೆ. ಆಮೇಲೆ ಎಷ್ಟು ಸಲ ಗಾಳಿ ಬಿಟ್ಟರೂ ಕೆಳಗಿನ ನಿಪ್ಪಲ್ಲಿಂದ ಆಯಿಲ್ ಮಾತ್ರ ಬರುತ್ತೆ. ಗಾಳಿ ಮೇಲೆ ಸಿಕ್ಕಿಕೊಂಡೇ ಇರುತ್ತೆ."

"ಯಾರು ಮಾಡಿದ್ದು?" ಸಬ್ ಇನ್ಸ್‌ಪೆಕ್ಟರ್ ಕೇಳಿದರು.

"ಈ ಕೆಲಸಕ್ಕೆ ಇಬ್ಬರು ಬೇಕು ಸರ್. ಅದನ್ನು ನಾವ್ಯಾರೂ ಯೋಚಿಸಲಿಲ್ಲ. ಮಾಡಿದವನು ಒಪ್ಪದಿದ್ದರೂ ಪೆಡಲ್ ಒತ್ತಿದವರು ಇನ್ನೊಬ್ಬರು ಇರಲೇಬೇಕು. ನೀವು ಒತ್ತಿದ್ರಾ ಅಂತ ಅನುಶ್ರೀಯವರನ್ನ ಕೇಳಿದೆ. 'ಹೌದು, ಭಾನುವಾರ ಇಡೀ ಮಧ್ಯಾಹ್ನ ಒತ್ತಿದೆ, ಕಾಲು ನೋವು ಬಂತು' ಅಂದ್ರು. ಮಾಡಿದವನು ಇಪ್ಪತ್ತು ವರ್ಷ ಕಾರೊಳಗೆ ಕೂತು ಪೆಡಲ್ ಒತ್ತಿದವನು. ಹೊರಗೆ ನಿಪ್ಪಲ್ ಎಲ್ಲಿರುತ್ತೆ ಅಂತ ಒಮ್ಮೆಯೂ ನೋಡಿರಲಿಲ್ಲ— ಅಲ್ವಾ, ಗೌರೀಶ್?"

ಗೌರೀಶ್ ಕೆಂಪು ಕ್ಯಾಲಿಪರ್ ನೋಡುತ್ತಾ ಹೇಳಿದ. "ಬರೀ ಒತ್ತೋನೇ ಆಗಿದ್ದೆ. ಒಂದ್ ಕೆಲ್ಸ ನಾನೇ ಮಾಡಿ ಇವ್ನಿಗೆ ತೋರಿಸ್ಬೇಕು ಅನ್ನಿಸ್ತು. ಫೋನಲ್ಲಿ ವಿಡಿಯೋ ನೋಡ್ಕೊಂಡು ಮಾಡ್ದೆ. ಮೆತ್ತಗಾಯ್ತು... ಎರಡೆರಡು ಸಲ ಒತ್ತಿದ್ರೆ ನಿಲ್ಲೋದು. ಹೇಳೋಕೆ ನಾಚ್ಕೆ. ಆವತ್ತು ಆ ಮುದುಕಿ ಬಿದ್ದಿದ್ ನೋಡಿ ಬಾಯಿಗೆ ಇವನ ಹೆಸ್ರು ಬಂದ್ಬುಡ್ತು. ಆಮೇಲೆ ವಾಪಸ್ ತಗೊಳೋಕಾಗ್ಲಿಲ್ಲ ಸಾ."

ಕಾಂತರಾಜು ಅವನನ್ನು ಆಗ ನೋಡಿದ. "ಅವತ್ತೇ ಒಂದ್ ಫೋನ್ ಮಾಡಿದ್ರೆ ಅರ್ಧ ಗಂಟೆ ಕೆಲ್ಸ ಕಣ್ಲಾ," ಎಂದ.

ಎಲ್ಲರ ಎದುರಿಗೆ ಕ್ಯಾಲಿಪರ್‌ಗಳನ್ನು ಕಾಂತರಾಜು ಸರಿಯಾದ ಬದಿಗೆ ಹಾಕಿ ತೋರಿಸಬೇಕೆಂದು ಸಬ್ ಇನ್ಸ್‌ಪೆಕ್ಟರ್ ಕೇಳಿದರು. ಗಾಳಿ ತೆಗೆಯುವ ಹೊತ್ತಿಗೆ ಗೌರೀಶ್ ಅಭ್ಯಾಸಬಲದಿಂದ ಕಾರಿನ ಬಾಗಿಲಿಗೆ ಕೈಹಾಕಿದ.

"ನೀನ್ ಬ್ಯಾಡ," ಎಂದ ಕಾಂತರಾಜು. "ಮೇಡಂ, ನೀವು ಕೂತ್ಕತೀರಾ?"

ಭಾವನಾ ಕೂತಳು. "ಒತ್ತಿ... ಹಿಡ್ಕಳಿ... ಬುಡಿ." ಗುಳ್ಳೆಗಳು ಬುಸುಗುಟ್ಟಿ ಹೊರಬಂದವು. ಎಂಟನೆಯ ಸಲಕ್ಕೆ ಪೆಡಲ್ ಅವಳ ಕಾಲಡಿ ಕಲ್ಲಾಯಿತು.

ಸಂಜೆ ಇಬ್ಬರೂ ಒಂದೇ ಬಸ್ಸು ಹತ್ತಿದರು. ಕಂಪಲಾಪುರ ಬಂತು. ಕಾಂತರಾಜು ಏಳಲಿಲ್ಲ.

"ನಿಮ್ಮೂರು ಬಂತು."

"ಹುಣಸೂರು ಆಸ್ಪತ್ರೆಗೆ ಓಯ್ತೀನಿ ಮೇಡಂ. ಚಿಕ್ಕಸಿದ್ದಮ್ಮನ್ನ ನೋಡ್ಬೇಕು. ಇಷ್ಟ್ ದಿನ ಯಾವ್ ಮುಖ ಇಟ್ಕೊಂಡು ಓಗಾನ ಅಂತಿದ್ದೆ."

ಬಸ್ಸು ಹೊರಟಿತು. ಅವನು ಕಿಟಕಿಯ ಕಡೆ ತಿರುಗಿ ಕೂತ.