ಮೂರನೇ ಲೆನ್ಸಿನಲ್ಲಿ ನಿಂತವರು

"ಅದನ್ನ ಮುಟ್ಟಬೇಡಿ!"

ಭುವನಾ ಬೆಚ್ಚಿಬಿದ್ದು ಕೈ ಹಿಂದಕ್ಕೆ ಎಳೆದುಕೊಂಡಳು.

ಊಟಿಯ ಆ ಪುಟ್ಟ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಮಧ್ಯಾಹ್ನ ಮೂರಕ್ಕೇ ಲೈಟು ಹಾಕಿದ್ದರು. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಟೀ ಅಂಗಡಿಯೂ ಕಾಣುತ್ತಿರಲಿಲ್ಲ. ಕೂಗಿದ್ದು ಅಂಗಡಿಯ ಯಜಮಾನ ಶರತ್. ನಡುವಟ್ಟಂ ಕಡೆಯವನು, ಮೂವತ್ತರ ಆಸುಪಾಸು. ಕೂಗಿದ ಮೇಲೆ ಅವನೇ ಹೆಚ್ಚು ಗಾಬರಿಯಾಗಿದ್ದ.

"ನನ್ನೇನು ಕಳ್ಳಿ ಅಂದ್ಕೊಂಡ್ರಾ?" ಭುವನಾಳ ಕೆನ್ನೆ ಕೆಂಪಾಯಿತು.

"ಅಯ್ಯೋ, ಹಂಗಲ್ಲ... ಸಾರಿ! ಈ ಎರಡು ಮಾರೋದಕ್ಕೆ ಇಟ್ಟಿರೋದು. ಆ ಮೂರನೇದು ಮಾರೋದಕ್ಕಲ್ಲ."

ಕೌಂಟರಿನ ಮೇಲೆ ಅವಳು ತಂದ ಹಳೇ ಫಿಲಂ ಕ್ಯಾಮೆರಾ ಲೆನ್ಸಿಲ್ಲದೆ ಬಾಯಿ ತೆರೆದುಕೊಂಡು ಕೂತಿತ್ತು. ಅದರ ಪಕ್ಕದಲ್ಲಿ ಮೂರು ಲೆನ್ಸುಗಳು. ಮೂರೂ ಐವತ್ತು ಎಂಎಂನವು, ತಿರುಗಿಸಿ ಕೂರಿಸುವಂಥವು.

"ಇದು ಎಫ್ ಟು. ಕಣ್ಣಿನ ರೆಪ್ಪೆ ಎಣಿಸಬಹುದು, ಅಷ್ಟು ಶಾರ್ಪು. ಇದು ಒನ್ ಪಾಯಿಂಟ್ ಎಯ್ಟ್, ಸ್ವಲ್ಪ ಮೆತ್ತಗೆ, ಮುಖಕ್ಕೆ ಚೆನ್ನಾಗಿರುತ್ತೆ. ಸ್ಟ್ಯಾಂಡರ್ಡ್ ಲೆನ್ಸ್ ಅಂದ್ರೆ ಇಷ್ಟೇ ನೋಡಿ... ಕಣ್ಣು ಕಂಡಷ್ಟೇ ಕಾಣಿಸೋದು. ಹೆಚ್ಚೂ ಇಲ್ಲೆ, ಕಮ್ಮೀನೂ ಇಲ್ಲೆ."

"ಆ ಮೂರನೇದು?"

"ಒನ್ ಪಾಯಿಂಟ್ ಫೋರ್, ಬೆಳಕು ಎಲ್ಲಕ್ಕಿಂತ ಜಾಸ್ತಿ ಹಿಡಿಯುತ್ತೆ. ನಂಗ ಮಂಜಿಗೆ, ನಮ್ಮ ಬೆಟ್ಟದ ಈ ಕತ್ತಲೆಗೆ ಅದೇ ಸರಿ. ಆದ್ರೆ ಅದರ ಯಜಮಾನರು ಬರ್ತಾರೆ."

"ಯಾರು?"

ಶರತ್ ಆ ಲೆನ್ಸಿನ ಪೆಟ್ಟಿಗೆಯ ಮೇಲಿನ ಚೀಟಿ ಓದಿದ. "ದೇವ, ಮಂಜೂರು. ನನ್ನ ಸೋದರಮಾವನ ಕಾಲದಲ್ಲಿ ಫೋಕಸ್ ಬಿಗಿ ಅಂತ ಕೊಟ್ಟು ಹೋದದ್ದು. ಮಾವ ಸಾಯೋ ಮುಂಚೆ ಹೇಳಿದ್ರು, ಎಷ್ಟು ವರ್ಷ ಆದ್ರೂ ಅವನು ಬರ್ತಾನೆ, ಮಾರಬೇಡ ಅಂತ."

ಭುವನಾ ಕೌಂಟರಿನ ಅಂಚು ಹಿಡಿದುಕೊಂಡಳು.

"ಅವರು ಬರಲ್ಲ," ಅಂದಳು ಅವಳು. "ಅವರು ನನ್ನಪ್ಪ... ಹನ್ನೊಂದು ವರ್ಷ ಆಯ್ತು."

ಲೆನ್ಸುಗಳನ್ನು ಬೆಚ್ಚಗಿಡಲು ಕಪಾಟಿನಲ್ಲಿ ಸದಾ ಉರಿಯುತ್ತಿದ್ದ ಬಲ್ಬು ಒಮ್ಮೆ ಆರಿ ಮತ್ತೆ ಹತ್ತಿತು. ಬೆಟ್ಟದ ಕರೆಂಟು, ಹಾಗೆಯೇ. ಆದರೂ ಇಬ್ಬರ ಮೈಯೂ ಜುಮ್ಮೆಂದಿತು!

* * *

ಕುಂದಾ ಕಡೆಯ ಹಟ್ಟಿಗಳಲ್ಲಿ ಸಾವಾದರೆ ಮೊದಲು ನೆಂಟರಿಗೆ ಸುದ್ದಿ, ಆಮೇಲೆ ಫೋಟೊ ದೇವನಿಗೆ. ತೀರಿಕೊಂಡವರನ್ನು ನಡುವೆ ಇಟ್ಟುಕೊಂಡು ಮನೆಮಂದಿಯೆಲ್ಲ ನಿಂತು ತೆಗೆಸಿಕೊಳ್ಳುವ ಕೊನೆಯ ಫೋಟೊಕ್ಕೆ ಅವರೇ ಬೇಕು. ಅಂಥ ಒಂದು ಕರೆಗೆ ಹೋದ ಮಳೆಗಾಲದ ಬೆಳಿಗ್ಗೆಯೇ ಗುಡ್ಡ ಕುಸಿದದ್ದು. ಕ್ಯಾಮೆರಾ ಸಿಕ್ಕಿತು. ಅದರಲ್ಲಿದ್ದ ಬೇರೊಂದು ಲೆನ್ಸ್ ಪುಡಿಯಾಗಿತ್ತು. ದೇವ ಮಾತ್ರ ಸಿಗಲೇ ಇಲ್ಲ.

ಊರಿನ ಸತ್ತವರ ಫೋಟೊವನ್ನೆಲ್ಲ ತೆಗೆದವರದ್ದು ಮನೆಯಲ್ಲಿ ಒಂದೇ ಒಂದು ಫೋಟೊ ಇರಲಿಲ್ಲ, ವೋಟರ್ ಕಾರ್ಡಿನ ಮಸಿ ಮುಖವೊಂದನ್ನು ಬಿಟ್ಟರೆ. ಆ ಕಾರ್ಡಿನ ಮುಖವನ್ನು ಸ್ವಂತ ಹೆಂಡತಿಯೂ ಗುರುತು ಹಿಡಿಯಲಾರಳು ಅನ್ನುವುದು ಬೇರೆ ಮಾತು! ಹೆಂಡತಿ ಕಮಲಂ ಇವತ್ತಿಗೂ ಗಂಡನ ಉಣ್ಣೆಯ ಮಫ್ಲರನ್ನು ತಿಂಗಳಿಗೊಮ್ಮೆ ಒಗೆದು ಒಣಗಲು ಒಲೆಯ ಮೇಲೆ ಕಟ್ಟುತ್ತಾರೆ. ಬಂದಾಗ ಬೇಕಾಗುತ್ತದಂತೆ.

ಮಂಜೂರು ಬಜಾರಿನಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವ ಭುವನಾಳಿಗೆ ಒಂದೇ ಆಸೆ. ಅಪ್ಪನ ಕ್ಯಾಮೆರಾ ಮತ್ತೆ ಕಣ್ಣು ಬಿಡಬೇಕು.

"ಮೂರನ್ನೂ ತಗೊಂಡು ಹೋಗಿ," ಅಂದಿದ್ದ ಶರತ್. "ಒಂದೇ ಜಾಗದಲ್ಲಿ, ಒಂದೇ ಬೆಳಕಲ್ಲಿ ಮೂರರಲ್ಲೂ ಹೊಡೀರಿ. ಆಮೇಲೆ ಆರಿಸಿಕೊಳ್ಳಿ. ಆ ಮೂರನೇದು... ಅದು ನಿಮ್ಮದೇ."

ಅವಳು ಮನೆಯ ಹಿಂದಿನ ಟೀ ತೋಟದಲ್ಲಿ ನಿಂತು ಹೊಡೆದಳು. ಶರತ್ ಅಂಗಡಿಯ ಒಳಕೋಣೆಯಲ್ಲಿ ತಾನೇ ತೊಳೆದು ಪ್ರಿಂಟು ಹಾಕಿದ.

ಮೊದಲ ಲೆನ್ಸು. ಟೀ ಗಿಡ, ಬೇಲಿ, ಮಂಜು.

ಎರಡನೆಯದು. ಅದೇ ಗಿಡ, ಅದೇ ಬೇಲಿ, ಅದೇ ಮಂಜು.

ಮೂರನೆಯದು...

"ಶರತ್... ಬೇಲಿ ಹತ್ರ ಇದು ಯಾರು?"

ಬೇಲಿಯ ಬಳಿ, ಮಂಜಿನೊಳಗೆ, ಬೆಳ್ಳಗೆ ಯಾರೋ ನಿಂತಿದ್ದರು. ಕಂಬಳಿ ಹೊದ್ದಂತೆ, ತಲೆ ತುಸು ವಾಲಿಸಿಕೊಂಡು.

ಬೇರೆ ಊರಲ್ಲಾದರೆ ಬಿಳಿ ಬಟ್ಟೆ ಕಂಡರೆ ಸಾಕು, ದೆವ್ವ ಅಂತ ಓಡುತ್ತಾರೆ. ನಂಗ ಹಟ್ಟಿಗಳಲ್ಲಿ ಬಿಳಿ ಮುಂಡು ಕಂಡರೆ ಪಕ್ಕದ ಮನೆಯ ಹೆತ್ತೆ ಸೊಪ್ಪಿಗೆ ಬಂದಳು ಅಂದುಕೊಳ್ಳುತ್ತಾರೆ. ಅಜ್ಜಿಯರೆಲ್ಲ ಉಡುವುದೇ ಬಿಳಿ. ಭುವನಾ ಹೆದರಿದ್ದು ಬಿಳಿಗಲ್ಲ. ಆವತ್ತು ಅಲ್ಲಿ ಯಾರೂ ಇರಲಿಲ್ಲ!

"ಕಣ್ಣು ಕಂಡಷ್ಟೇ ಅಂದ್ರಲ್ಲ," ಅವಳು ಪಿಸುಗುಟ್ಟಿದಳು. "ನನ್ನ ಕಣ್ಣಿಗೆ ಯಾರೂ ಕಾಣಲಿಲ್ಲ."

ಶರತ್ ಪ್ರಿಂಟು ಕೆಳಗಿಟ್ಟ. ಲೆನ್ಸನ್ನು ತಿರುಗಿಸಿ, ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, "ಎರಡನೇದು ತಗೊಳ್ಳಿ ಭುವನಾ... ಅದೇ ಒಳ್ಳೇದು," ಅಂದ.

"ಇಲ್ಲೆ. ನನಗಿದೇ ಬೇಕು. ಇದರಲ್ಲಿ ಅಪ್ಪ ಇದ್ದಾರೆ."

ಹೇಳಬೇಕಿತ್ತು ಅವನು. ಆಗಲೇ, ಅಲ್ಲೇ! ಆದರೆ ಹನ್ನೊಂದು ವರ್ಷದ ಮೇಲೆ ಅವಳ ಮುಖ ನಕ್ಕದ್ದನ್ನು ನೋಡಿ ಅವನ ನಾಲಿಗೆ ಏಳಲಿಲ್ಲ. ಪ್ರೀತಿ ಶುರುವಾಗುವ ಜಾಗ ಇಂಥದ್ದೇ. ಸುಳ್ಳು ಶುರುವಾಗುವ ಜಾಗವೂ ಇಂಥದ್ದೇ.

* * *

ಅಲ್ಲಿಂದ ಪ್ರತಿ ಬುಧವಾರ ಭುವನಾ ಒಂದು ರೋಲ್ ಹಿಡಿದು ಊಟಿ ಬಸ್ಸು ಹತ್ತಿದಳು. ಇಬ್ಬರೂ ಒದ್ದೆ ನೆಗೆಟಿವ್ ಹಿಡಿದು ಬಲ್ಬಿಗೆ ಒಡ್ಡುತ್ತಿದ್ದರು. ಅವನ ಬೆರಳು ಅವಳ ಬೆರಳಿಗೆ ತಾಕುತ್ತಿತ್ತು. ಯಾರೂ ಸರಿಸಿಕೊಳ್ಳುತ್ತಿರಲಿಲ್ಲ. ಎದುರಿನ ಟೀ ಅಂಗಡಿಯ ಕೆಂಪಿ ಮೊದಲು ಎರಡು ಲೋಟದಲ್ಲಿ ಚಹಾ ಕಳಿಸುತ್ತಿದ್ದವಳು, ಆಮೇಲೆ ಕೇಳದೆಯೇ ಬನ್ನನ್ನೂ ಕಳಿಸತೊಡಗಿದಳು. ಕೆಂಪಿಗೆ ಕಣ್ಣು ಚುರುಕು.

ಆದರೆ ಫೋಟೊಗಳು...

ಎರಡನೇ ವಾರ ಆ ಆಕೃತಿ ಬೇಲಿಗಿಂತ ಎತ್ತರವಾಗಿತ್ತು. ಮೂರನೇ ವಾರ ಭುಜ ಕಂಡಿತು. ನಾಲ್ಕನೇ ವಾರ ಅರ್ಧ ಚಿತ್ರವೇ ಅವರದ್ದು!

"ಹತ್ತಿರ ಬರ್ತಿದ್ದಾರೆ..." ಭುವನಾಳ ಕಣ್ಣಲ್ಲಿ ನೀರು. "ಅಪ್ಪ ಮನೆಗೆ ಬರ್ತಿದ್ದಾರೆ ಶರತ್!"

ಕಮಲಂ ಮಫ್ಲರನ್ನು ಒಲೆಯ ಮೇಲಿಂದ ಇಳಿಸಿ ಮಗಳ ಕೈಗೆ ಕೊಟ್ಟಿದ್ದರು. "ಇದರೊಳಗ ಸುತ್ತಿ ಇಡು ಕೂಸೇ. ಅವರಿಗ ಚಳಿ ಆಗಬಾರದು." ಮಳೆಗಾಲದಲ್ಲಿ ಎಂದೂ ಪೂರ್ತಿ ಒಣಗದ ಆ ಉಣ್ಣೆಯಲ್ಲಿ ಸುತ್ತಿ ಭುವನಾ ದಿನವೂ ಲೆನ್ಸನ್ನು ದಿಂಬಿನ ಪಕ್ಕ ಇಡುತ್ತಿದ್ದಳು.

ಆರನೇ ವಾರ ಅವಳು ಕುಸಿದ ಗುಡ್ಡಕ್ಕೇ ಹೋದಳು. ಅಲ್ಲಿ ಕಬ್ಬಿಣದ ಬೇಲಿ ಇತ್ತು. ದಾಟಿದಳು. ಇನ್ನೊಂದು ಹೆಜ್ಜೆ, ಇನ್ನೊಂದು ಹೆಜ್ಜೆ... ಕ್ಯಾಮೆರಾ ಕಣ್ಣಿಗಿಟ್ಟವರಿಗೆ ಕಾಲಡಿ ಕಾಣುವುದಿಲ್ಲ.

"ಸಾಕು ಕೂಸೇ! ಹಿಂದಕ್ಕ ಬಾ!"

ಗಂಡಸಿನ ದನಿ, ಹಿಂದಿನಿಂದ. ಅವಳು ಥಟ್ಟನೆ ನಿಂತಳು. ಕಾಲಿನ ಮುಂದಿನ ಮಣ್ಣು ಸರ್ರನೆ ಜಾರಿ ಕೆಳಗೆ ಹೋಯಿತು. ಬಿದ್ದ ಸದ್ದು ಕೇಳಿಸಲೇ ಇಲ್ಲ.

ತಿರುಗಿ ನೋಡಿದರೆ ಬರೀ ಮಂಜು. 'ಶರತ್ ನನ್ನ ಹಿಂದೆಯೇ ಬಂದಿದ್ದಾನೆ!' ಅಂದುಕೊಂಡಳು. ಕೋಪ ಬಂತು. ಒಳಗೊಳಗೇ ಒಂದಿಷ್ಟು ಖುಷಿಯೂ ಆಯಿತು.

ಆ ರೋಲಿನ ಪ್ರಿಂಟನ್ನು ಶರತ್ ಬಲ್ಬಿನ ಹತ್ತಿರ ಹಿಡಿದು ನೋಡಿದ. ಚಿತ್ರದ ತುದಿಯಲ್ಲಿ ನೆಲವೇ ಇರಲಿಲ್ಲ. 'ಇವಳು ಬೇಲಿ ದಾಟಿದ್ದಾಳೆ... ಇನ್ನೊಂದು ಸಲ ಹೋದರೆ ಇವಳೂ ಸಿಗಲ್ಲ!'

"ಲೆನ್ಸಿಗೆ ಎಣ್ಣೆ ಹಾಕಬೇಕು. ಒಂದು ವಾರ ಇಟ್ಟು ಹೋಗಿ," ಅಂದ, ಅವಳ ಮುಖ ನೋಡದೆ.

* * *

ಮುಂದಿನ ಬುಧವಾರ ಬೆಳಿಗ್ಗೆ ಬಂದರೆ ಅಂಗಡಿಗೆ ಬೀಗ! ಫೋನೂ ಎತ್ತುತ್ತಿಲ್ಲ.

"ಅವನಾ?" ಕೆಂಪಿ ಲೋಟ ತೊಳೆಯುತ್ತಾ ಅಂದಳು. "ದಿನಾ ಪೆಟ್ಟಿ ಎತ್ತಿಕೊಂಡು ಮಸಿನಗುಡಿ ಬಸ್ಸಿಗ ಹೋಪ. ಏನ ಕೇಳಿದರೂ ಹೇಳಲ್ಲ. ಅಲ್ಲಿ ಯಾರೋ ದೊರೆ ಇದ್ದಾನಂತೆ, ಹಳೇ ಕ್ಯಾಮೆರಾ ಎಲ್ಲಾ ದುಡ್ಡು ಕೊಟ್ಟು ವಾಂಗುತ್ತಾನಂತೆ... ನಾ ಅರಿಯೆಮ್ಮ."

ಭುವನಾಳ ಎದೆ ಒಡೆದುಹೋಯಿತು. ಎಣ್ಣೆ ಹಾಕಬೇಕು ಅಂದದ್ದು ಸುಳ್ಳು! ಎರಡನೇದು ತಗೊಳ್ಳಿ ಅಂದದ್ದು ಇದಕ್ಕೇ! 'ನನ್ನಪ್ಪನ್ನ ಮಾರಿಬಿಟ್ಟೆಯಾ ಶರತ್? ನಿನ್ನನ್ನ ನಂಬಿದ್ದೆನಲ್ಲಾ...'

ಕ್ಯಾಮೆರಾವನ್ನು ಎದೆಗವಚಿಕೊಂಡು ಮುಂದಿನ ಬಸ್ಸು ಹತ್ತಿದಳು. ಕಲ್ಹಟ್ಟಿಯ ಮೂವತ್ತಾರು ತಿರುವುಗಳಲ್ಲಿ ಅವಳು ಅತ್ತದ್ದು ಎಷ್ಟನೆಯವರೆಗೆ ಅಂತ ಲೆಕ್ಕ ಇಟ್ಟವರಿಲ್ಲ. ಅರ್ಧ ದಾರಿ ಇಳಿದ ಮೇಲೆ ಒಂದು ತಿರುವಿನಲ್ಲಿ ಮಂಜು ಥಟ್ಟನೆ ನಿಂತುಹೋಯಿತು. ಕೆಳಗೆ ಮಸಿನಗುಡಿಯಲ್ಲಿ ಕಣ್ಣು ಕುಕ್ಕುವ ಬಿಸಿಲು! ಆರು ವಾರದಿಂದ ಅವಳು ಸೂರ್ಯನನ್ನೇ ನೋಡಿರಲಿಲ್ಲ.

ಬಸ್ ಸ್ಟಾಪಿನಾಚೆ, ಬಯಲಿನ ಒಂದು ಬಂಡೆಯ ಮೇಲೆ ಶರತ್ ಕೂತಿದ್ದ. ಮೂಗಿನ ತುದಿ ಸುಟ್ಟು ಕಪ್ಪಾಗಿತ್ತು. ಎದುರಿಗೆ ಬಿಳಿ ಬಟ್ಟೆಯ ಮೇಲೆ ಬಿಚ್ಚಿಟ್ಟ ಲೆನ್ಸಿನ ಗಾಜುಗಳು. ಸುತ್ತ ಯಾವ ದೊರೆಯೂ ಇರಲಿಲ್ಲ. ಎರಡು ಮೇಕೆ ಇದ್ದವು, ಅಷ್ಟೇ.

"ಎಷ್ಟಕ್ಕೆ ಮಾರಿದ್ರಿ?" ಅವಳು ಕಿರುಚಿದಳು. "ಯಾಕೆ ಬಿಚ್ಚಿದ್ರಿ ಅದನ್ನ? ಒಳಗೆ ಅಪ್ಪ ಇದ್ದಾರೆ ಅಂತ ಗೊತ್ತಿದ್ದೂ..."

"ಭುವನಾ, ಮೊದಲು ಇದನ್ನ ನೋಡಿ. ಆಮೇಲೆ ಬೇಕಾದ್ರೆ ಹೊಡೀರಿ." ಅವನು ಭೂತಗನ್ನಡಿ ಕೊಟ್ಟ. "ಇದು ಲೆನ್ಸಿನ ಹಿಂದಿನ ಗಾಜು."

ಅವಳು ಬಗ್ಗಿ ನೋಡಿದಳು.

ಗಾಜಿನ ಮೇಲೆ ಬೆಳ್ಳನೆ ಬೂಷ್ಟು. ಆದರೆ ಸುಮ್ಮನೆ ಹರಡಿದ ಬೂಷ್ಟಲ್ಲ. ಗೆರೆ, ಗೆರೆ, ಸುತ್ತುಸುತ್ತು ಗೆರೆ... ಉದ್ದನೆಯ ಒಂದು ಹೆಬ್ಬೆರಳಿನ ಗುರುತು! ಅದರ ಅಡ್ಡಕ್ಕೆ ಓರೆಯಾಗಿ ಒಂದು ಗಾಯದ ಗೆರೆ.

ಟೀ ಗಿಡ ಸವರುವ ಕವಾತಿನ ಕತ್ತಿ ತಾಕಿದ ಗಾಯ. ಪ್ರತಿ ಹಬ್ಬಕ್ಕೆ ಹಣೆಗೆ ವಿಭೂತಿ ಇಡುವಾಗ ಆ ಗಾಯ ಅವಳ ಹುಬ್ಬಿಗೆ ಒರಟಾಗಿ ತಾಕುತ್ತಿತ್ತು.

"ಅಪ್ಪ..."

"ರಿಪೇರಿಗೆ ಕೊಡೋ ದಿನ ಲೆನ್ಸ್ ಬಿಚ್ಚುವಾಗ ಅವರ ಬೆರಳು ತಾಕಿದೆ. ಬೆರಳಿನ ಜಿಡ್ಡಿನ ಮೇಲೆ ಬೂಷ್ಟು ಬೆಳೆಯುತ್ತೆ. ಕಪಾಟಿನ ಬಲ್ಬಿನ ಬಿಸೀಲಿ ಹನ್ನೊಂದು ವರ್ಷ ಹೆಚ್ಚು ಬೆಳೀಲಿಲ್ಲ. ನೀವು ಒದ್ದೆ ಮಫ್ಲರಲ್ಲಿ ಸುತ್ತಿಟ್ರಲ್ಲ, ವಾರ ವಾರ ಬೆಳೆದುಬಿಡ್ತು. ಫೋಟೊದಲ್ಲಿ ಹತ್ತಿರ ಬಂದದ್ದು ಅದು."

"ಮೊದಲ ದಿನವೇ ಗೊತ್ತಿತ್ತಾ?"

"ಗೊತ್ತಿತ್ತು." ಅವನ ಕಣ್ಣು ತುಂಬಿತ್ತು. "ಹೇಳಿದ್ರೆ ನಿಮ್ಮಪ್ಪ ಇನ್ನೊಂದು ಸಲ ಸಾಯ್ತಾರೆ ಅನ್ನಿಸ್ತು. ಹೇಳದೆ ಇದ್ದದ್ದಕ್ಕೆ ನೀವು ಸಾಯ್ತಿದ್ರಿ. ಹಂಗೇ ಬಿಟ್ರೆ ಬೂಷ್ಟು ಗಾಜನ್ನೇ ತಿಂದುಬಿಡುತ್ತೆ. ಒರೆಸಿದ್ರೆ ಅವರ ಗುರುತು ಹೋಗುತ್ತೆ. ಒರೆಸೋದಕ್ಕೆ ನನ್ನ ಕೈ ಬರಲಿಲ್ಲ... ಅದಕ್ಕೇ ದಿನಾ ಇಲ್ಲಿಗೆ ಬಂದು ಬಿಸಿಲಿಗೆ ಇಟ್ಟೆ. ಬೆಳೆಯೋದಾದ್ರೂ ನಿಲ್ಲಲಿ ಅಂತ."

ಭುವನಾ ಬಂಡೆಯ ಮೇಲೆ ಕುಸಿದು ಕೂತು ಅತ್ತಳು. ಹನ್ನೊಂದು ವರ್ಷ ಅಳದೇ ಉಳಿಸಿಕೊಂಡಿದ್ದೆಲ್ಲವನ್ನೂ ಅತ್ತಳು.

"ಹಾಗಾದ್ರೆ ಅಪ್ಪ ಅಲ್ಲಿ ನಿಂತಿರಲೇ ಇಲ್ಲ..."

"ಇಲ್ಲ. ಮಂಜಿನ ಕಡೆ ಅಲ್ಲ." ಶರತ್ ಹಿಂದಿನ ಗಾಜನ್ನು ಮೆಲ್ಲಗೆ ಎತ್ತಿ ಹಿಡಿದ. "ಇದು ಕ್ಯಾಮೆರಾ ಒಳಗೆ ಈ ಕಡೆ ಬರುತ್ತೆ ಭುವನಾ. ನೀವು ಕಣ್ಣಿಡೋ ಕಡೆ. ಅವರು ಇದ್ದದ್ದು ನಿಮ್ಮ ಕಡೆಗೆ."

ಅವಳು ಕೆನ್ನೆ ಒರೆಸಿಕೊಂಡಳು. ಆಮೇಲೆ ಕೈ ಚಾಚಿದಳು.

"ಬಟ್ಟೆ ಕೊಡಿ. ನಾನೇ ಒರೆಸ್ತೀನಿ."

ಔಷಧಿಯಲ್ಲಿ ಅದ್ದಿದ ಬಟ್ಟೆಯಿಂದ, ಮಗುವಿನ ಮುಖ ಒರೆಸುವಷ್ಟು ಮೆತ್ತಗೆ, ನಡುವಿನಿಂದ ಅಂಚಿಗೆ ಒರೆಸಿದಳು. ಬಿಳಿ ಹೋಯಿತು. ಬಿಸಿಲಿಗೆ ಓರೆಯಾಗಿ ಹಿಡಿದರೆ... ಗಾಜಿನಲ್ಲೇ ಇನ್ನೂ ಸಣ್ಣಗೆ ಸುತ್ತುಸುತ್ತು ಗೆರೆ! ಬೂಷ್ಟು ತಿಂದ ಜಾಗದಲ್ಲಿ ಗುರುತು ಉಳಿದುಬಿಟ್ಟಿತ್ತು.

"ಇನ್ನು ಇದು ಹೋಗಲ್ಲ," ಅಂದ ಶರತ್. "ಫೋಟೊದಲ್ಲಿ ಕಾಣೋದೂ ಇಲ್ಲ."

ಅವನು ಲೆನ್ಸ್ ಜೋಡಿಸಿ ಕ್ಯಾಮೆರಾಕ್ಕೆ ಕೂರಿಸಿ ಕೊಟ್ಟ. ಭುವನಾ ಕಣ್ಣಿಗಿಟ್ಟು ಫೋಕಸ್ ತಿರುಗಿಸಿದಳು. ಸುಟ್ಟ ಮೂಗು, ಹೆದರಿದ ಕಣ್ಣು. ಕಣ್ಣು ಕಂಡಷ್ಟೇ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

"ಇನ್ನೊಂದು ಸಲ ನನಗೆ ಸುಳ್ಳು ಹೇಳ್ತೀಯಾ?"

ಮೊದಲ ಸಲ ಅವಳು 'ನೀನು' ಅಂದಿದ್ದಳು!

"ಇಲ್ಲೆ. ಒಂದು ನಿಜ ಮಾತ್ರ ಬಾಕಿ ಇದೆ." ಶರತ್ ಕ್ಯಾಮೆರಾದತ್ತ ನೇರ ನೋಡಿದ. "ಬುಧವಾರಕ್ಕೆ ಕಾಯೋದು ನನ್ನ ಕೈಲಿ ಆಗ್ತಿಲ್ಲ. ನಿನ್ನನ್ನ ಪ್ರೀತಿಸ್ತೀನಿ ಭುವನಾ."

ಕ್ಲಿಕ್!

"ಈ ಮುಖ ನನಗೆ ಬೇಕಿತ್ತು," ಅಂದಳು ಅವಳು, ಕಣ್ಣೀರಿನ ನಡುವೆ ನಗುತ್ತಾ.

* * *

ಸಂಜೆಯ ಬಸ್ಸು ತಿರುವುಗಳನ್ನು ಹತ್ತುತ್ತಾ ಮತ್ತೆ ಮಂಜಿನೊಳಗೆ ಹೊಕ್ಕಿತು. ಅವಳು ಅವನ ಭುಜಕ್ಕೆ ಒರಗಿದ್ದಳು.

"ಅವತ್ತು ನೀನು ಕೂಗದೆ ಇದ್ದಿದ್ರೆ ನಾನು ಉಳೀತಿರಲಿಲ್ಲ. ಥ್ಯಾಂಕ್ಸ್ ಹೇಳಿರಲೇ ಇಲ್ಲ."

"ಯಾವತ್ತು?"

"ಬೇಲಿ ದಾಟಿದ ದಿನ. ಸಾಕು ಕೂಸೇ, ಹಿಂದಕ್ಕ ಬಾ ಅಂದೆಯಲ್ಲ."

ಶರತ್ ನಿಧಾನಕ್ಕೆ ಅವಳ ಕಡೆ ತಿರುಗಿದ. "ಭುವನಾ... ನಾನು ಇವತ್ತಿನವರೆಗೆ ಮಂಜೂರಿಗೆ ಬಂದೇ ಇಲ್ಲ."

ಕಿಟಕಿಯಿಂದ ತಣ್ಣನೆ ಮಂಜು ಒಳಗೆ ನುಗ್ಗಿತು. ಭುವನಾಳ ಹುಬ್ಬಿನ ಮೇಲೆ ಯಾವುದೋ ಒರಟು ಬೆರಳು ಹಾದು ಹೋದಂತೆ ಆಯಿತು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ.

"ದನಿ ಯಾವ ಕಡೆಯಿಂದ ಬಂತು?" ಶರತ್ ಪಿಸುಮಾತಿನಲ್ಲಿ ಕೇಳಿದ.

"ಹಿಂದಿನಿಂದ," ಅಂದಳು ಅವಳು. "ನನ್ನ ಕಡೆಯಿಂದ."

ಅವನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಭಾನುವಾರ ಮನೆಗೆ ಬಾ ಶರತ್. ಅವ್ವೆದು ಒಂದು ಫೋಟೊ ತೆಗೀಬೇಕು. ನಿನ್ನದೂ."

"ನನ್ನದು ಆಗಲೇ ತೆಗೆದೆಯಲ್ಲ?"

"ಸಾಲದು. ಕ್ಯಾಮೆರಾ ಹಿಂದೆ ನಿಲ್ಲೋರ ಫೋಟೊ ನಂಗ ಮನೇಲಿ ಒಂದೂ ಇಲ್ಲೆ," ಭುವನಾ ಕಣ್ಣು ಮುಚ್ಚಿ ಅವನಿಗೆ ಇನ್ನಷ್ಟು ಒರಗಿದಳು. "ಆ ತಪ್ಪು ಇನ್ನೊಂದು ಸಲ ಮಾಡಲ್ಲ."