ಜಾಲರಿ ಹೊದ್ದ ಗಡಿಯಾರ

ಮಾನ್ಯ ವಾಚಕ ಮಹಾಶಯರೇ, ಅಸೂಯೆಗೂ ಗಡಿಯಾರದ ಮುಳ್ಳಿಗೂ ಒಂದು ಸಾಮ್ಯವುಂಟು: ಎರಡೂ ಸುತ್ತಿದಲ್ಲೇ ಸುತ್ತುತ್ತವೆ. ತಾವು ಕೃಪೆಯಿಟ್ಟು ಆಲಿಸುವುದಾದರೆ ನಿದರ್ಶನವೊಂದನ್ನು ನಿವೇದಿಸುತ್ತೇನೆ.

ಇಪ್ಪತ್ತೆಂಟು ವರ್ಷ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕುಳಿತ ಗಡಿಯಾರ ರಿಪೇರಿಯವನಿಗೆ ತನ್ನ ಷಡ್ಡಕನ, ಅಂದರೆ ಹೆಂಡತಿಯ ತಂಗಿಯ ಗಂಡನ, ಮಣಿಕಟ್ಟನ್ನು ಕಂಡರೆ ಆಗುತ್ತಿರಲಿಲ್ಲ. ಅಲ್ಲಿ ಮೊದಲನೆಯ ಮಹಾಯುದ್ಧದ ಸೇನಾಧಿಕಾರಿಯೊಬ್ಬನ ಕೈಗಡಿಯಾರವಿತ್ತು. ಗಾಜಿನ ಮೇಲೆ ಗುಂಡಿನ ಚೂರು ತಡೆಯುವ ಬೆಳ್ಳಿಯ ಜಾಲರಿ. ಹಳೆಯ ಸಾಮಾನಿನ ಸಂತೆಯಲ್ಲಿ ಅದನ್ನು ಮೊದಲು ಗುರುತಿಸಿದವನು ಇವನು. ಮನೆಯಲ್ಲಿ ಕೇಳಿ ಬರುವಷ್ಟರಲ್ಲಿ ಕೊಂಡವನು ಷಡ್ಡಕ: ಮರದ ವ್ಯಾಪಾರಿ, ಕೀಲಿಯನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂದೂ ಅರಿಯದವನು.

ಊಟದ ಮೇಜಿನಲ್ಲಿ ಆತ ಹಿಂಬದಿಯ ಮುಚ್ಚಳ ತೆರೆದು ತೋರಿಸಿದ್ದ. “ನೋಡಿ ಭಾವ, ಮುಚ್ಚಳದ ಒಳಗೆ ಕನ್ನಡಿ ಕನ್ನಡಿ, ಒಂದು ಗೀರೂ ಇಲ್ಲ! ನೂರು ವರ್ಷದಿಂದ ಒಬ್ಬ ರಿಪೇರಿಯವನ ಕೈಯೂ ಬಿದ್ದಿಲ್ಲ. ನೀವೂ ದೂರದಿಂದಲೇ ನೋಡಿ.” ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. “ನಿಮಗ್ಯಾಕ್ರೀ ಹೊಟ್ಟೆಕಿಚ್ಚು?” ಎಂದಳು.

ಏಳು ತಿಂಗಳಲ್ಲಿ, ಮೂರು ಸತ್ತ ಗಡಿಯಾರಗಳಿಂದ ಇವನು ಒಂದು ಜೀವಂತ ನಕಲನ್ನು ಹುಟ್ಟಿಸಿದ. ಜಾಲರಿ ಕೊರೆದ. ಬಿಳಿಯ ಮುಖದ ಕೂದಲೆಳೆಯ ಬಿರುಕಿಗೆ ಚಹಾದ ಕಂದು ತುಂಬಿದ. ಚರ್ಮದ ಪಟ್ಟಿಯನ್ನು ತಾನೇ ಕಟ್ಟಿಕೊಂಡು ಬೆವರಿನಲ್ಲಿ ಹಳತು ಮಾಡಿದ. ಷಡ್ಡಕನದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ಇದನ್ನೂ ಅಷ್ಟೇ ಸೋಮಾರಿಯಾಗಿಸಿದ. ಸರಿಯಾಗಿ ನಡೆಯುವುದನ್ನು ಕೆಡಿಸುವ ಮುನ್ನ ಮಾತ್ರ ಭೂತಗನ್ನಡಿಯನ್ನು ಎರಡೆರಡು ಸಲ ಒರೆಸಿದ. ಮಂಗಳವಾರ ಕೆಲಸ ಮುಗಿಸಿ, ಮುಚ್ಚಳ ಒತ್ತಿ, ಎಂದಿನಂತೆ ಸಿಳ್ಳು ಹಾಕಿದ.

ಶನಿವಾರ ಷಡ್ಡಕ ಊಟಕ್ಕೆ ಬಂದ. ಮುಖ ತೊಳೆಯುವ ಮುನ್ನ ಗಡಿಯಾರ ಬಿಚ್ಚಿ ಹಲಗೆಯ ಮೇಲಿಡುವುದು, ಸೋಪು ಹಚ್ಚಿ ಕಣ್ಣು ಮುಚ್ಚುವುದು ಅವನ ಅಭ್ಯಾಸ. ಅಷ್ಟು ಸಾಕಾಯಿತು. “ತಗೊಳಪ್ಪ, ಟವೆಲ್” ಎಂದು ಅಕ್ಕರೆಯಿಂದ ನೀಡಿದವನೂ ಇವನೇ.

ಮರುದಿನ ಗಡಿಯಾರ ಸಂಗ್ರಾಹಕರ ಕೂಟ. ಅಸಲನ್ನು ಕೋಟಿನೊಳಗೆ ತೋಳಿಗೆ ಬಿಗಿದುಕೊಂಡು, ನಕಲನ್ನು ಊರೇ ಹೊಗಳುವುದನ್ನು ಕೇಳಲೆಂದು ಇವನು ಹೋದ. ಹೊಗಳಿದರು. ಷಡ್ಡಕ ಉಬ್ಬಿ, “ಒಳಗೆ ನೋಡಿ, ಕನ್ನಡಿ!” ಎಂದು ಮುಚ್ಚಳ ತೆರೆದವನು ತಾನೇ ಬಗ್ಗಿ ನೋಡಿದ. “ಭಾವ... ಇದು ನಿಮ್ಮ ಗುರುತಲ್ವಾ? ಮೊನ್ನೆ ಮಂಗಳವಾರದ ತಾರೀಖು ಬೇರೆ ಇದೆ!” ಕೆಲಸ ಮುಗಿದ ಪ್ರತಿ ಗಡಿಯಾರದ ಮುಚ್ಚಳದೊಳಗೆ ತನ್ನ ಗುರುತನ್ನೂ ತಾರೀಖನ್ನೂ ಸೂಜಿಯಿಂದ ಗೀಚುವುದು ಈ ಕಸುಬಿನ ವಾಡಿಕೆ, ಮನಸ್ಸು ಕಳ್ಳನಾಗಿತ್ತು, ಕೈಗೆ ಯಾರೂ ತಿಳಿಸಿರಲಿಲ್ಲ. ಅವನೇ ರಿಪೇರಿ ಮಾಡಿದ ನನ್ನ ಗಡಿಯಾರದೊಳಗೂ ಅದೇ ಗುರುತಿದೆ, ಒಂದು ನಿಮಿಷವೂ ತಪ್ಪುವುದಿಲ್ಲ. ಮಹಾಶಯರೇ, ಅದರಲ್ಲೀಗ ನಾಲ್ಕೂವರೆಯಾಯಿತು, ಚೀಲ ಕಟ್ಟಿದ್ದೇನೆ, ಬಸ್ಸಿಗೆ ಹೊರಟೆ.