ಕಾಣೆಯಾದ ಏಳನೇ ಚಿತ್ರ

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಕಲಾಮಂದಿರದ ಕಾರ್ಯದರ್ಶಿ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆಯೇ ಮಂದಿರದ ವಯಸ್ಸಾದ ಕಾವಲುಗಾರ, ಬೀಗದ ಕೈಗೊಂಚಲು ಹಿಡಿದುಕೊಂಡು. ಕಾರ್ಯದರ್ಶಿ ಕುರ್ಚಿ ಎಳೆದುಕೊಂಡು ಕೂತರು. ಕಾವಲುಗಾರ ಗೋಡೆಗೆ ಒರಗಿ ನಿಂತ.

ಇನ್ಸ್‌ಪೆಕ್ಟರ್ ಈ ಠಾಣೆಗೆ ವರ್ಗವಾಗಿ ಬಂದು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಊರಿನ ಬೀದಿಗಳ ಪರಿಚಯವಾಗಿತ್ತು, ಜನರದ್ದು ಆಗಿರಲಿಲ್ಲ. ಆಕೆ ದೂರನ್ನು ಪೂರ್ತಿ ಓದಿ, ಮತ್ತೊಮ್ಮೆ ಓದಿದಳು.

ಇದೇ ಊರಲ್ಲಿ ಹುಟ್ಟಿ, ಹೊರಗೆ ಹೋಗಿ ದೊಡ್ಡ ಹೆಸರು ಮಾಡಿದ ಕಲಾವಿದನ ಚಿತ್ರಪ್ರದರ್ಶನ ಶುಕ್ರವಾರ ಸಂಜೆ ಶುರುವಾಗಬೇಕಿತ್ತು. ಸೋಮವಾರ ಇಪ್ಪತ್ತೆರಡು ಚಿತ್ರಗಳನ್ನು ಗೋಡೆಗೆ ಏರಿಸಿ ಬೀಗ ಹಾಕಿದ್ದರು. ಬೆಳಗ್ಗೆ ಬಾಗಿಲು ತೆಗೆದರೆ ಏಳನೆಯದು ಇಲ್ಲ. ಹೋಗಿದ್ದು ಸಾಮಾನ್ಯ ಚಿತ್ರವಲ್ಲ, ಆಮಂತ್ರಣದ ಮೇಲೂ ಊರ ಗೋಡೆಗಳ ಪೋಸ್ಟರಿನ ಮೇಲೂ ಅಚ್ಚಾಗಿದ್ದದ್ದು ಅದೇ. ತಲೆಗೂದಲೆಲ್ಲ ಉದುರಿದ ಹೆಂಗಸೊಬ್ಬಳು ಕಿಟಕಿಯ ಪಕ್ಕ ಮಲಗಿ ನಿದ್ದೆ ಮಾಡುತ್ತಿರುವ ಚಿತ್ರ.

“ಇವರ ಮೇಲೆ ಅನುಮಾನ ಅಂತ ಬರೆದಿದೀರಿ. ಯಾಕೆ?” ಎಂದು ಇನ್ಸ್‌ಪೆಕ್ಟರ್ ಕಾವಲುಗಾರನ ಕಡೆ ನೋಡಿ ಕೇಳಿದಳು.

“ಬೀಗ ಒಡೆದಿಲ್ಲ,” ಎಂದರು ಕಾರ್ಯದರ್ಶಿ. “ಬೀಗದ ಕೈ ಇರೋದು ನನ್ನ ಹತ್ರ, ಅವನ ಹತ್ರ. ನಾನಂತೂ ಕದ್ದಿಲ್ಲ.”

ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ದಫೇದಾರ ಕೆಮ್ಮಿ ನಗು ಮುಚ್ಚಿಕೊಂಡ. ಮೂವತ್ತು ವರ್ಷ ಸರ್ವೀಸು ಮಾಡಿದ ಮನುಷ್ಯ, ನಗೋದು ಎಲ್ಲಿ, ಕೆಮ್ಮೋದು ಎಲ್ಲಿ ಅಂತ ಗೊತ್ತಿದ್ದವನು.

ಎಫ್‌ಐಆರ್ ದಾಖಲಾಯಿತು. ಕಾವಲುಗಾರನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ, ಇನ್ಸ್‌ಪೆಕ್ಟರ್ ಮತ್ತು ದಫೇದಾರ ಮಂದಿರಕ್ಕೆ ಹೊರಟರು.

ಮಂದಿರದ ಗೇಟಿನಲ್ಲಿ ಮುಂಬರುವ ಕಾರ್ಯಕ್ರಮಗಳ ಹಲಗೆ ನಿಂತಿತ್ತು. ಶುಕ್ರವಾರ ಚಿತ್ರಪ್ರದರ್ಶನ, ಶನಿವಾರ ನಾಟಕ, ಮುಂದಿನ ವಾರ ಕೊಳಲು ವಾದನ, ಅದರಾಚೆ ಮಣ್ಣಿನ ಪಾತ್ರೆಗಳ ಪ್ರದರ್ಶನ. ಒಳಗೆ ಎಡಕ್ಕೆ ಚಿತ್ರಶಾಲೆ, ಬಲಕ್ಕೆ ರಂಗಮಂದಿರ. ಎರಡಕ್ಕೂ ನಡುವೆ ಒಂದೇ ಗೋಡೆ.

ಹತ್ತೂಮುಕ್ಕಾಲಿಗೆ, ಸಾಕ್ಷಿಗಳಾಗಿ ಕರೆಸಿದ ಪಂಚರ ಎದುರು ಸ್ಥಳ ಪಂಚನಾಮೆ ಶುರುವಾಯಿತು. ಏಳನೇ ಚಿತ್ರವಿದ್ದ ಜಾಗದಲ್ಲಿ ಖಾಲಿ ಗೋಡೆ. ಕೊಕ್ಕೆಗಳನ್ನು ಕಿತ್ತಿರಲಿಲ್ಲ, ತಿರುಪು ಬಿಚ್ಚಿ ಕೆಳಗೆ ಕಿಟಕಿಯ ಕಟ್ಟೆ ಮೇಲೆ ಜೋಡಿಸಿಟ್ಟಿದ್ದರು. ಗೋಡೆಯ ಸುಣ್ಣ ಒಂದು ಚೂರೂ ಉದುರಿರಲಿಲ್ಲ. ಕಳ್ಳ ಅವಸರದಲ್ಲಿರಲಿಲ್ಲ ಎಂದು ಇನ್ಸ್‌ಪೆಕ್ಟರ್‌ಗೆ ಅನಿಸಿತು.

ಆಕೆ ಗೋಡೆಯುದ್ದಕ್ಕೂ ನಡೆದು ಮೂಲೆಗೆ ಬಂದಳು. ಅಲ್ಲೊಂದು ಸಣ್ಣ ಬಾಗಿಲು. ಅದು ರಂಗದ ಹಿಂಭಾಗಕ್ಕೆ ಹೋಗುವ ಬಾಗಿಲೆಂದೂ, ಚಿಲಕ ಆ ಕಡೆಗಿದೆಯೆಂದೂ, ಎಷ್ಟೋ ಕಾಲದಿಂದ ಅದನ್ನು ಯಾರೂ ತೆಗೆದಿಲ್ಲವೆಂದೂ ಕಾರ್ಯದರ್ಶಿ ಹೇಳಿದರು. ಇನ್ಸ್‌ಪೆಕ್ಟರ್ ಮಂಡಿಯೂರಿ ನೆಲ ನೋಡಿದಳು. ಬಾಗಿಲು ತೆರೆದುಕೊಂಡಷ್ಟು ಜಾಗದಲ್ಲಿ, ಅರ್ಧ ವೃತ್ತದಂತೆ ಧೂಳು ಸರಿದಿತ್ತು. ಪಂಚರನ್ನು ಕರೆದು ತೋರಿಸಿ, ಅದನ್ನೂ ಪಂಚನಾಮೆಗೆ ಸೇರಿಸಿದಳು.

“ಹಾಗಿದ್ರೆ ಬೀಗದ ಕೈ ಬೇಕಾಗೇ ಇರ್ಲಿಲ್ಲ. ರಂಗದ ಮೇಲೆ ನಿನ್ನೆ ಯಾರ್ಯಾರು ಇದ್ರು?”

ನಾಟಕದವರು ತಾಲೀಮು ಮಾಡಿ ಎಂಟೂವರೆಗೆ ಹೋಗಿದ್ದರು. ಕಸ ಗುಡಿಸುವಾಕೆ ಮಧ್ಯಾಹ್ನವೇ ಹೋಗಿದ್ದಳು. ಲೈಟಣ್ಣ ಕೊನೆಗೆ ಹೊರಟವನು. ಲೈಟಣ್ಣ ಅಂದರೆ ಮಂದಿರದ ದೀಪಗಳನ್ನೆಲ್ಲ ನೋಡಿಕೊಳ್ಳುವವನು, ಚಿತ್ರಗಳಿಗೂ ನಾಟಕಕ್ಕೂ ಅವನದೇ ಬೆಳಕು. ಊರಲ್ಲಿ ಅವನ ನಿಜವಾದ ಹೆಸರು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದಿಂದ ಇರುವವನು, ಅವನನ್ನು ಅನುಮಾನಿಸಿದರೆ ನಾಲಿಗೆ ಬಿದ್ದುಹೋಗುತ್ತದೆ ಎಂದು ಕಾರ್ಯದರ್ಶಿ ಸೇರಿಸಿದರು. ಕಾವಲುಗಾರ ಎಷ್ಟು ವರ್ಷದಿಂದ ಇದ್ದಾನೆ ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಮಾತ್ರ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಅಷ್ಟರಲ್ಲಿ ಮೇಲಿನ ಸಾಹೇಬರ ಫೋನು ಬಂತು. ಶುಕ್ರವಾರ ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ಕೀಲಿ ಯಾರ ಕೈಯಲ್ಲಿತ್ತೋ ಅವನನ್ನು ಒಳಗೆ ಹಾಕಿ ಎರಡು ಬಿಗಿದರೆ ಚಿತ್ರ ತಾನಾಗಿ ಹೊರಗೆ ಬರುತ್ತದೆ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಎಂದು ಸಾಹೇಬರು ಹೇಳಿದರು. ಇನ್ಸ್‌ಪೆಕ್ಟರ್ ಎಲ್ಲವನ್ನೂ ಕೇಳಿಸಿಕೊಂಡಳು.

“ಬಾಗಿಲು ಇನ್ನೊಂದಿದೆ ಸಾರ್. ಪಂಚನಾಮೇಲಿ ಬರೆಸಿದೀನಿ. ಸಂಜೆವರೆಗೆ ಟೈಮ್ ಕೊಡಿ.”

ಫೋನು ಇಟ್ಟು ಆಕೆ ನೇರ ಹೊರಗೆ ನಡೆದಳು, ದಫೇದಾರ ಬೇಗ ಮುಂದೆ ಹೋಗಿ ಜೀಪಿನ ಬಾಗಿಲು ತೆಗೆದ.

ನಾಟಕದ ಒಂಬತ್ತು ಮಂದಿಯನ್ನೂ ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿದ್ದಾಯಿತು. ಎಲ್ಲರೂ ಒಂದೇ ವ್ಯಾನಿನಲ್ಲಿ, ಒಬ್ಬರ ತೊಡೆ ಮೇಲೊಬ್ಬರು ಕೂತು ಹೋಗಿದ್ದರು. ನಾಲ್ಕಡಿಯ ಚಿತ್ರವಿರಲಿ, ಒಂದು ಕೊಡೆ ಇಡಲೂ ಜಾಗವಿರಲಿಲ್ಲವೆಂದು ಎದುರಿನ ಕಾಫಿ ಅಂಗಡಿಯವನು ಸಾಕ್ಷಿ ಹೇಳಿದ. ದಾರಿ ಅಲ್ಲಿಗೆ ಮುಗಿದಂತಾಯಿತು.

ವಾಪಸು ಬರುವಾಗ ಬಸ್ ನಿಲ್ದಾಣದ ಗೋಡೆಯ ಮೇಲೆ ಪ್ರದರ್ಶನದ ಪೋಸ್ಟರ್ ಕಂಡು ಇನ್ಸ್‌ಪೆಕ್ಟರ್ ಜೀಪು ನಿಲ್ಲಿಸಿದಳು. ಚಿತ್ರದ ಹೆಂಗಸಿನ ಬೋಳುತಲೆಯ ಮೇಲೆ ಯಾರೋ ಕಡುನೀಲಿ ಹಾಳೆ ಅಂಟಿಸಿದ್ದರು. ಭಾನುವಾರದಿಂದ ಊರ ತುಂಬ ಹೀಗೇ ಆಗಿದೆ, ಪುಂಡರ ಕೆಲಸ ಎಂದು ಕಾರ್ಯದರ್ಶಿ ಬೆಳಗ್ಗೆಯೇ ಗೊಣಗಿದ್ದರು. ಆಕೆ ಕೆಳಗಿಳಿದು ಹತ್ತಿರ ಹೋದಳು. ಮುಂದಿನ ಬೀದಿಯ ಪೋಸ್ಟರ್ ನೋಡಿದಳು, ಮಾರುಕಟ್ಟೆಯದೂ ನೋಡಿದಳು. ಎಲ್ಲ ಕಡೆ ಒಂದೇ ರೀತಿ. ಹಾಳೆಯನ್ನು ತಲೆಯ ಆಕಾರಕ್ಕೆ, ಹಣೆಯಿಂದ ಕಿವಿಯವರೆಗೆ ನಾಜೂಕಾಗಿ ಕತ್ತರಿಸಿ, ತಲೆಗೆ ವಸ್ತ್ರ ಕಟ್ಟಿದ ಹಾಗೆ ಅಂಟಿಸಿದ್ದರು. ಮುಖವನ್ನು ಮುಟ್ಟಿಯೇ ಇರಲಿಲ್ಲ.

“ಪುಂಡರಾಗಿದ್ರೆ ಮೀಸೆ ಬರೀತಿದ್ರು ಮೇಡಂ,” ಎಂದ ದಫೇದಾರ. “ಇದ್ಯಾರೋ ಮುಚ್ಚಿದಾರೆ.”

ಇನ್ಸ್‌ಪೆಕ್ಟರ್ ಉಗುರಿನಿಂದ ಒಂದು ತುಂಡು ಎಬ್ಬಿಸಿ ಅವನ ಕೈಗೆ ಕೊಟ್ಟಳು. ಕಾಗದವಲ್ಲ, ತೆಳ್ಳನೆಯ ಪ್ಲಾಸ್ಟಿಕ್ಕಿನಂಥದ್ದು, ಎರಡು ಪದರ. ದಫೇದಾರ ಅದನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಅವನ ಮುಖವೆಲ್ಲ ನೀಲಿಯಾಯಿತು.

“ಇದು ಬೆಳದಿಂಗಳು ಮೇಡಂ.”

“ಏನು?”

ಹಿಂದೊಮ್ಮೆ ಇಲಾಖೆಯ ನಾಟಕದಲ್ಲಿ ಅವನು ಅರಮನೆಯ ಕಾವಲು ಭಟನಾಗಿದ್ದನಂತೆ. ಮಾತಿಲ್ಲ ಕತೆಯಿಲ್ಲ, ಈಟಿ ಹಿಡಿದು ಬೆಳದಿಂಗಳಲ್ಲಿ ನಿಲ್ಲುವ ಪಾತ್ರ. ಬೆಳದಿಂಗಳೆಂದರೆ ದೀಪದ ಮುಂದೆ ಸಿಕ್ಕಿಸುವ ನೀಲಿ ಹಾಳೆ, ಅಷ್ಟೆ. ಅದರ ಕೆಳಗೆ ನಿಂತ ಗಂಡನನ್ನು ನೋಡಿ ಮನೆಯಾಕೆ, ಕೆರೆಯಿಂದ ಎತ್ತಿದ ಹೆಣದ ಹಾಗಿದ್ದಿರಿ ಎಂದಿದ್ದಳಂತೆ. ಇಂಥ ಹಾಳೆ ಈ ಊರಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ, ನಾಟಕದ ದೀಪದವರ ಹತ್ತಿರ ಮಾತ್ರ.

ಇನ್ಸ್‌ಪೆಕ್ಟರ್ ಆ ನೀಲಿ ತುಂಡನ್ನು ಲಕೋಟೆಗೆ ಹಾಕಿಕೊಂಡಳು. ಲೈಟಣ್ಣನ ಮನೆಗೇ ನೇರ ಹೋಗಬಹುದಿತ್ತು. ಆದರೆ ಯಾರು ಎನ್ನುವುದರ ಜೊತೆಗೆ ಯಾಕೆ ಎನ್ನುವುದೂ ಗೊತ್ತಾಗದೆ ಯಾರ ಮನೆಯ ಬಾಗಿಲನ್ನೂ ತಟ್ಟಬಾರದೆಂದು ಆಕೆಗೆ ಅನಿಸಿತು. ಜೀಪು ಕಲಾವಿದ ಇಳಿದುಕೊಂಡಿದ್ದ ವಸತಿಗೃಹಕ್ಕೆ ತಿರುಗಿತು.

ಕಲಾವಿದ ನಲವತ್ತರ ಆಸುಪಾಸಿನವನು. ಚಿತ್ರ ಸಿಗುತ್ತದೋ ಇಲ್ಲವೋ ಎಂದು ಎರಡು ಸಲ ಕೇಳಿದ. ಇನ್ಸ್‌ಪೆಕ್ಟರ್ ಆಮಂತ್ರಣ ಪತ್ರವನ್ನು ಅವನ ಮುಂದಿಟ್ಟಳು.

“ಈಕೆ ಯಾರು?”

“ಯಾರೂ ಅಲ್ಲ. ಕಲ್ಪನೆ.”

“ಕಿವಿಯ ಹಾಲೆ ಹರಿದು, ಹೊಲಿಗೆ ಹಾಕಿದ ಗುರುತಿದೆ. ಅದೂ ಕಲ್ಪನೇನಾ?”

ಅವನು ಪತ್ರವನ್ನು ತಿರುಗಿಸಿ ಬೋರಲು ಹಾಕಿದ. “ನಮ್ಮಕ್ಕ,” ಎಂದ. “ಹೋಗಿಬಿಟ್ಳು. ಎರಡು ವರ್ಷ ಆಯ್ತು.”

“ನೀವು ಬರೆದಿದ್ದು ಅವರಿಗೆ ಗೊತ್ತಿತ್ತಾ?”

“ನಿದ್ದೆ ಮಾಡ್ತಿದ್ಳು.”

“ನೋಡ್ಕೊಂಡಿದ್ದು ಯಾರು?”

“ಭಾವ. ಮಂದಿರದಲ್ಲಿ ಲೈಟು ನೋಡ್ಕೋತಾರಲ್ಲ, ಅವರೇ.”

ದಫೇದಾರ ಬರೆಯುವುದನ್ನು ನಿಲ್ಲಿಸಿದ. ಚಿತ್ರದಲ್ಲಿದ್ದದ್ದು ಲೈಟಣ್ಣನ ಹೆಂಡತಿಯೆಂದು ಕಾರ್ಯದರ್ಶಿಗೆ ಗೊತ್ತೇ ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಯಾರಿಗೂ ಗೊತ್ತಿಲ್ಲವೆಂದ ಕಲಾವಿದ. ಕಾಯಿಲೆ ಬಿದ್ದ ಮೇಲೆ ಅಕ್ಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಹಾಗೆ ಕೃಶಳಾಗಿ ಕೂದಲಿಲ್ಲದೆ ಇದ್ದವಳನ್ನು ಊರವರು ಗುರುತಿಸುವುದಾದರೂ ಹೇಗೆ. ಭಾವನನ್ನು ಮಾತ್ರ ಅನುಮಾನಿಸಬೇಡಿ, ಆ ಚಿತ್ರಕ್ಕೆ ಬೆಳಕು ಹಾಕಿಕೊಟ್ಟವರೇ ಅವರು ಎಂದು ಅವನು ಮತ್ತೆ ಮತ್ತೆ ಹೇಳಿದ. ಹೇಳುವಾಗ ಮಾತ್ರ ಆಕೆಯ ಮುಖ ನೋಡಲಿಲ್ಲ.

ಮಧ್ಯಾಹ್ನ ಮೂರಕ್ಕೆ ಇಬ್ಬರು ಪಂಚರೊಂದಿಗೆ ಅವರು ಲೈಟಣ್ಣನ ಮನೆ ತಲುಪಿದರು. ಒಂದು ಕೋಣೆ, ಒಂದು ಅಡುಗೆಮನೆ. ಗೂಡಿನಲ್ಲಿ ಸಾಲಾಗಿ ಕೆಟ್ಟ ಬಲ್ಬುಗಳು, ಮೊಳೆಗೆ ಸುತ್ತಿಟ್ಟ ವೈರು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ ನೆಲದ ಮೇಲೆ ಕೂತು ಶನಿವಾರದ ನಾಟಕಕ್ಕೆ ಒಂದು ದೀಪ ರಿಪೇರಿ ಮಾಡುತ್ತಿದ್ದ. ಖಾಕಿ ನೋಡಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಪಕ್ಕಕ್ಕಿಟ್ಟ.

“ಒಳಗಿದೆ, ಬನ್ನಿ,” ಎಂದ. ಬೇರೇನೂ ಕೇಳುವ ಅಗತ್ಯವೇ ಬೀಳಲಿಲ್ಲ.

ಚಿತ್ರ ಮಂಚದ ಮೇಲೆ, ಗೋಡೆಗೆ ಒರಗಿತ್ತು. ಮೇಲ್ಭಾಗಕ್ಕೆ ಒಂದು ಹಳೆಯ ಹತ್ತಿಯ ಶಾಲು ಹೊದಿಸಿತ್ತು. ಮಲಗಿದವಳ ಮುಖವಷ್ಟೇ ಕಾಣುತ್ತಿತ್ತು.

“ಕಾವಲಿನವರನ್ನ ಬಿಟ್ರಾ?” ಎಂದು ಅವನೇ ಮೊದಲು ಕೇಳಿದ. “ನಾಳೆ ನಾನೇ ಠಾಣೆಗೆ ಬರೋನಿದ್ದೆ.”

“ನಾಳೆ ಯಾಕೆ?”

“ಒಂದಿನ ಮನೇಲಿರ್ಲಿ ಅಂತ.”

ದಫೇದಾರ ಹೇಳಿಕೆ ಬರೆದುಕೊಂಡ. ಲೈಟಣ್ಣ ನಿಧಾನವಾಗಿ, ಸ್ವರ ಏರಿಸದೆ ಹೇಳುತ್ತ ಹೋದ. ಕೂದಲು ಉದುರಲು ಶುರುವಾದ ಮೇಲೆ ಹೆಂಡತಿ ಕನ್ನಡಿಯನ್ನು ಗೋಡೆಗೆ ಮುಖ ಮಾಡಿಸಿದಳು. ಹಾಲಿನವನು ಹೊಸ್ತಿಲಲ್ಲಿ ಹಾಲಿಟ್ಟು ಹೋಗಬೇಕು. ತಲೆಗೆ ಶಾಲು ಸುತ್ತಿಕೊಳ್ಳದೆ ಯಾರ ಎದುರೂ ಬಂದವಳಲ್ಲ, ಮೊದಮೊದಲು ಗಂಡನ ಎದುರೂ ಇಲ್ಲ. ಒಂದು ದಿನ ಅವನು ಊಟಕ್ಕೆ ಕೂತಿದ್ದಾಗ ತಾನಾಗಿ ಶಾಲು ಬಿಚ್ಚಿ ಎದುರು ಬಂದು ಕೂತಳು. ಅವನು ಅವಳಿಗೊಂದು ತಟ್ಟೆ ಇಟ್ಟು ಬಡಿಸಿದ. ಆವತ್ತಿನಿಂದ ಮನೆಯಲ್ಲಿ ಅವರಿಬ್ಬರೇ ಇದ್ದಾಗ ಅವಳು ತಲೆ ಮುಚ್ಚಿಕೊಳ್ಳುತ್ತಿರಲಿಲ್ಲ.

ಅವಳ ತಮ್ಮ ಎರಡು ದಿನ ಬಂದು ಹೋದ. ಲೈಟಣ್ಣ ಔಷಧಿಗೆಂದು ಹೊರಗೆ ಹೋಗಿದ್ದಾಗ, ನಿದ್ದೆಯಲ್ಲಿ ಶಾಲು ಜಾರಿದ್ದಾಗ, ಅವನು ಕೂತು ಬರೆದುಕೊಂಡಿದ್ದ. ಅದು ಲೈಟಣ್ಣನಿಗೆ ಗೊತ್ತಾದದ್ದು ಕಳೆದ ಶನಿವಾರ, ಬಸ್ ನಿಲ್ದಾಣದ ಗೋಡೆಯ ಮೇಲೆ.

“ಅವರನ್ನ ಕೇಳಿದ್ರಾ?” ಎಂದಳು ಇನ್ಸ್‌ಪೆಕ್ಟರ್.

“ಕೇಳ್ದೆ. ಇದೊಂದು ಬೇಡಪ್ಪಾ ಅಂದೆ. ಭಾವ, ಅದು ಈಗ ಅಕ್ಕ ಅಲ್ಲ, ಚಿತ್ರ ಅಂದ.” ಅವನು ಶಾಲಿನ ಅಂಚು ಸರಿಮಾಡಿದ. “ನಿನ್ನೆ ಕಾರ್ಯದರ್ಶಿಗಳು ಬಂದು, ಲೈಟಣ್ಣ, ತಲೆ ಮೇಲೇ ಬೆಳಕು ಬೀಳ್ಬೇಕು ಅಂದ್ರು. ಏಣಿ ಹತ್ತಿ ಹಾಕ್ದೆ. ಕೆಲಸ ಅಲ್ವಾ. ಕೆಳಗಿಳಿದು ನೋಡಿದ್ರೆ ತುಂಬಾ ಚೆನ್ನಾಗಿ ಬಿದ್ದಿತ್ತು. ಆಮೇಲೆ ನನ್ನ ಕೈಲಿ ಆಗ್ಲಿಲ್ಲ.”

ನಾಟಕದವರು ಹೋದ ಮೇಲೆ ಚಿಲಕ ತೆಗೆದು, ಚಿತ್ರವನ್ನು ಕಪ್ಪು ಪರದೆಯಲ್ಲಿ ಸುತ್ತಿ, ದೀಪದ ಸ್ಟ್ಯಾಂಡುಗಳ ಜೊತೆ ತನ್ನ ಗೂಡ್ಸ್ ಆಟೋದಲ್ಲಿ ತಂದಿದ್ದ. ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಕೈ ಬೀಸಿದ್ದ.

“ಸುಟ್ಟು ಹಾಕಬಹುದಿತ್ತು,” ಎಂದ ದಫೇದಾರ, ಕೇಳಬೇಕಾದ ಪ್ರಶ್ನೆಯೆಂದು.

ಲೈಟಣ್ಣ ಅವನನ್ನು ಅರ್ಥವಾಗದವನಂತೆ ನೋಡಿದ. “ಅವಳಲ್ವಾ,” ಎಂದ.

ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಅವನನ್ನು ಬಂಧಿಸಿದಳು. ಕಾರಣ ತಿಳಿಸಿ, ಹತ್ತಿರದವರಲ್ಲಿ ಯಾರಿಗೆ ಹೇಳಿಕಳಿಸಬೇಕೆಂದು ಕೇಳಿದಾಗ ಅವನು ಬಹಳ ಯೋಚಿಸಿ ಭಾಮೈದನ ಹೆಸರನ್ನೇ ಹೇಳಿದ.

ಠಾಣೆಗೆ ಬಂದ ಕೂಡಲೆ ಕಾವಲುಗಾರನನ್ನು ಬಿಟ್ಟು ಕಳಿಸಿದರು. ಇನ್ಸ್‌ಪೆಕ್ಟರ್ ತಾನೇ ಹೊರಗೆ ಬಂದು, ನಿಮ್ಮ ಮೇಲೆ ಏನೂ ಇಲ್ಲ ಎಂದು ಗೇಟಿನಲ್ಲಿ ಕಾದಿದ್ದ ಅವನ ಹೆಂಡತಿಗೂ ಕೇಳಿಸುವಂತೆ ಹೇಳಿದಳು. ಸಾಹೇಬರಿಗೆ ಫೋನು ಮಾಡಿ ವರದಿ ಒಪ್ಪಿಸಿದಳು. ಹಾಗಾದರೆ ಶುಕ್ರವಾರಕ್ಕೆ ಚಿತ್ರ ಗೋಡೆಗೆ ಬಂತಲ್ಲ ಎಂದು ಸಾಹೇಬರು ಖುಷಿಪಟ್ಟರು. ಅದು ಈಗ ಮುದ್ದೆಮಾಲು, ವಶಪಡಿಸಿಕೊಂಡ ಮಾಲು, ಕೋರ್ಟಿಗೆ ಸೇರಿದ್ದು ಎಂದಳು ಆಕೆ.

ಅಷ್ಟು ಹೊತ್ತಿಗೆ ಕಲಾವಿದ ಓಡೋಡಿ ಬಂದ. ಚಿತ್ರ ತನ್ನದು, ದೂರು ತನಗೆ ಬೇಡ, ಹರಿದುಹಾಕಿ ಎಂದ. ದೂರು ಹರಿದುಹಾಕುವಂಥದ್ದಲ್ಲ, ನಾಳೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕು, ಜಾಮೀನಿಗೆ ಬೇಕಿದ್ದರೆ ನಿಲ್ಲಿ ಎಂದಳು ಇನ್ಸ್‌ಪೆಕ್ಟರ್. ಅವನು ನಿಲ್ಲುತ್ತೇನೆ ಎಂದ. ಬೆಂಚಿನ ಮೇಲೆ ಕೂತ ಭಾವನ ಹತ್ತಿರ ಹೋಗಿ ಪಕ್ಕದಲ್ಲಿ ಕೂತ.

ಅವರ ಎದುರೇ ದಫೇದಾರ ಚಿತ್ರವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗು ಕರಗಿಸಿ ಮೊಹರು ಒತ್ತಿದ. ಪಂಚರು ಸಹಿ ಹಾಕಿದರು.

“ನೀವು ಮಾಲೀಕರು,” ಎಂದಳು ಇನ್ಸ್‌ಪೆಕ್ಟರ್ ಕಲಾವಿದನಿಗೆ. “ವಾಪಸ್ ಬೇಕು ಅಂದ್ರೆ ಕೋರ್ಟಿಗೆ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಕೊಡ್ತಾರೆ.”

ಲೈಟಣ್ಣ ನೆಲ ನೋಡುತ್ತಿದ್ದ. ಕಲಾವಿದ ಬಟ್ಟೆಯ ಮೂಟೆಯನ್ನೇ ನೋಡುತ್ತ ಕೂತ.

“ಹಾಕಲ್ಲ,” ಎಂದ ಕೊನೆಗೆ.

ಲೈಟಣ್ಣ ತಲೆಯೆತ್ತಿದ. “ಕೇಸು ಎಷ್ಟು ದಿನ ನಡೆಯುತ್ತೆ ಮೇಡಂ?”

“ಹೇಳಕ್ಕಾಗಲ್ಲ. ವರ್ಷಗಳೇ ಆಗಬಹುದು.”

“ಅಲ್ಲಿವರೆಗೆ ಇದನ್ನ ಯಾರಾದ್ರೂ ಬಿಚ್ಚಿ ನೋಡಬಹುದಾ?”

“ಕೋರ್ಟಿನ ಅಪ್ಪಣೆ ಇಲ್ಲದೆ ಯಾರೂ ಮುಟ್ಟೋ ಹಾಗಿಲ್ಲ. ನಾನೂ ಕೂಡ.”

ಅವನು ತಲೆಯಾಡಿಸಿದ. ದಫೇದಾರ ಆಗಲೇ ತಂದಿಟ್ಟಿದ್ದ ಕಾಫಿ ಆರಿ ಕೆನೆಗಟ್ಟಿತ್ತು. ಬೇರೆ ತರಿಸುತ್ತೇನೆಂದರೂ ಕೇಳದೆ, ಅದನ್ನೇ ಎತ್ತಿಕೊಂಡು ಕೊನೆಯ ಗುಟುಕಿನವರೆಗೆ ಕುಡಿದ.